ಮೇಷ್ಟ್ರ ಮನೆಯ ಮೇನ್ ಸ್ವಿಚ್

ಮನ್ಸೂರ್ ಅಲಿ ಒಂದು ಕಡೆ ಕೂತಿದ್ದನ್ನು ನಾನು ಕಂಡಿದ್ದು ಅಪರೂಪ. ತುಮಕೂರಿನ ಶಿರಾ ಗೇಟ್ ಹತ್ತಿರ ನನ್ನ ಟೈಲರ್ ಅಂಗಡಿಗೂ ಅವನ ಎಲೆಕ್ಟ್ರಿಕಲ್ ಅಂಗಡಿಗೂ ನಡುವೆ ಒಂದೇ ಗೋಡೆ. ಇಪ್ಪತ್ತೆರಡು ವರ್ಷದಿಂದ ನಾನು ಮಿಷನ್ ಮುಂದೆ ಕೂತೇ ಇದ್ದೇನೆ, ಅವನು ನಿಂತೇ ಇದ್ದಾನೆ. ಟೀ ತರಿಸಿದರೆ ಅರ್ಧ ಕುಡಿದು ಲೋಟವನ್ನು ನನ್ನ ಕತ್ತರಿ ಪಕ್ಕ ಇಟ್ಟು ಎಲ್ಲಿಗೋ ಹೊರಟುಬಿಡುತ್ತಾನೆ. ಉಳಿದರ್ಧ ಯಾರದೋ ಬ್ಲೌಸ್ ಪೀಸಿನ ಮೇಲೆ ಚೆಲ್ಲುತ್ತದೆ, ಬೈಸಿಕೊಳ್ಳುವವನು ಮಾತ್ರ ನಾನು. ಅವನ ಹೆಂಡತಿ ಫಾತಿಮುನ್ನೀಸಾ ಮರಳೂರಿನಿಂದ ಊಟದ ಡಬ್ಬಿ ತಂದಾಗಲೆಲ್ಲ ನೇರವಾಗಿ ನನ್ನ ಬಾಗಿಲಿಗೇ ಬರುತ್ತಾಳೆ.

"ಕಾಳಯ್ಯಣ್ಣ, ನಮ್ಮನೆಯವ್ರು ಎಲ್ಲವ್ರೆ?"

"ಕಾಲಿಗೆ ಚಕ್ರ ಕಟ್ಕೊಂಡು ಹುಟ್ಟವ್ನೆ ಕಣಮ್ಮ. ನನ್ನ ಕೇಳಿದ್ರೆ?"

ಇಷ್ಟು ಅವಸರದ ಮನುಷ್ಯನ ಕೆಲಸವೂ ಅರೆಬರೆ ಇರಬೇಕು ಎಂದುಕೊಂಡರೆ ತಪ್ಪು. ಅವನು ವೈರಿಂಗ್ ಮಾಡಿದ ಮನೆಯಲ್ಲಿ ಯಾರಿಗೂ ಶಾಕ್ ಹೊಡೆದಿಲ್ಲ. ಅದಕ್ಕೆ ಕಾರಣ ಅವನಲ್ಲ, ಅವನ ಮೇಷ್ಟ್ರು ಸದಾಶಿವಯ್ಯ. ಐಟಿಐಯಲ್ಲಿ ಮೂವತ್ತು ವರ್ಷ ಎಲೆಕ್ಟ್ರಿಷಿಯನ್ ಪಾಠ ಹೇಳಿ, ರಿಟೈರ್ ಆಗಿ ಗುಬ್ಬಿಯ ಮನೆಯಲ್ಲಿ ಹೆಂಡತಿ ಸರ್ವಮಂಗಳ, ಮಗ ಸಂಗಮೇಶನ ಜೊತೆ ಇದ್ದವರು. ಹಣೆಯಲ್ಲಿ ವಿಭೂತಿ, ಜೇಬಿನಲ್ಲಿ ಟೆಸ್ಟರ್, ಎರಡೂ ತಪ್ಪಿದ ದಿನವಿಲ್ಲ. ಅವರ ಪಾಠದಲ್ಲಿ ಎರಡು ಕಟ್ಟಳೆ. ಒಂದು, ಮೊದಲು ಮೇನ್ ಇಳಿಸು, ಆಮೇಲೆ ಕೈ ಹಾಕು. ಎರಡು, ಯಾರೂ ಇಲ್ಲದ ಕಡೆ ಏನೂ ಉರಿಯಬಾರದು. ಒಂದು ಸಲ ಮೇನ್ ಇಳಿಸದೆ ಬೋರ್ಡ್ ಬಿಚ್ಚಿದ ಮನ್ಸೂರನ ಬೆರಳಿನ ಗಂಟಿಗೆ ಅವರು ಕೊಟ್ಟ ಸ್ಕೇಲಿನ ಏಟನ್ನು ಅವನು ಇವತ್ತಿಗೂ ಹೆಮ್ಮೆಯಿಂದ ತೋರಿಸುತ್ತಾನೆ. ಅಲ್ಲಿ ಗುರುತೇನೂ ಇಲ್ಲ, ಆದರೂ ತೋರಿಸುತ್ತಾನೆ.

ಕಳೆದ ದೀಪಾವಳಿ ಆದ ಮೇಲೆ ಮೇಷ್ಟ್ರಿಗೆ ಲಕ್ವ ಹೊಡೆಯಿತು. ಬಲಗಡೆ ಪೂರ್ತಿ ಬಿದ್ದುಹೋಗಿ, ಮಾತು ತೊದಲಾಯಿತು. ಮೂರು ತಿಂಗಳಿಗೆ ಕಾಲು ಅಷ್ಟಿಷ್ಟು ಬಂತು, ಕೈ ಬರಲೇ ಇಲ್ಲ. ಒಂದೇ ಕೈಯಲ್ಲಿ ಗುಂಡಿ ಹಾಕಿಕೊಳ್ಳಲು ಆಗುವುದಿಲ್ಲವೆಂದು ಮನ್ಸೂರ್ ಹೇಳಿದ್ದಕ್ಕೆ, ಗುಂಡಿಯ ಬದಲು ಅಂಟುಪಟ್ಟಿ ಇಟ್ಟು ಎರಡು ಜುಬ್ಬ ಹೊಲಿದೆ. ಅವನ್ನು ಕೊಡಲು ಅವನ ಬೈಕಿನ ಹಿಂದೆ ಕೂತು ಗುಬ್ಬಿಗೆ ಹೋದೆ. ನನಗೂ ಈ ಕಥೆಗೂ ನಂಟು ಬೆಳೆದದ್ದು ಹಾಗೆ.

ಮೇಷ್ಟ್ರು ಹಾಲ್‌ನಲ್ಲಿ ಮಂಚದ ಮೇಲೆ ಕೂತಿದ್ದರು. ಜುಬ್ಬ ಹಾಕಿಕೊಂಡು ಅಂಟುಪಟ್ಟಿಯನ್ನು ಎಡಗೈಯಲ್ಲಿ ಅದುಮಿ, ನನ್ನ ಕಡೆ ನೋಡಿ ತಲೆ ಆಡಿಸಿದರು. ತುಟಿ ಒಣಗಿ ಸಿಪ್ಪೆ ಎದ್ದಿತ್ತು. ಸರ್ವಮಂಗಳಮ್ಮ ನಮ್ಮನ್ನು ಅಡುಗೆಮನೆಗೆ ಕರೆದು ಗುಟ್ಟು ಹೇಳುವಂತೆ ಹೇಳಿದರು.

"ಮಧ್ಯಾಹ್ನದ ಮೇಲೆ ಒಂದು ತೊಟ್ಟು ನೀರು ಮುಟ್ಟಲ್ಲ ಕಣಪ್ಪ ಮನ್ಸೂರು. ಬಚ್ಚಲಿಗೆ ಹೋಗ್ಬೇಕಾಗುತ್ತಲ್ಲ, ಅದಕ್ಕೆ. ಎಡಗೈಲಿ ಕೋಲು, ಬಲಗೈ ಏಳಲ್ಲ. ಬಚ್ಚಲಿಗೆ ಹೋಗೋ ಓಣೀಲಿ ಹಗಲೊತ್ತೂ ಕತ್ತಲೆ. ಲೈಟ್ ಹಾಕೋಕೆ ಕೋಲು ಬುಟ್ರೆ ಬಿದ್ದೋಯ್ತಾರೆ. ಪ್ರತಿ ಸಲ ನನ್ನೋ ಸಂಗಮೇಶನ್ನೋ ಕರೀಬೇಕು. ಕರೆಯೋಕೆ ನಾಚ್ಕೆ ಅವ್ರಿಗೆ. ಉರಿಮೂತ್ರ ಶುರುವಾಗೈತೆ. ಡಾಕ್ಟ್ರು ಬೈದು ಕಳ್ಸವ್ರೆ."

"ಓಣಿ ಲೈಟು ಉರೀತಾನೆ ಇರ್ಲಿ ಬುಡಿ ಅಮ್ಮ," ಅಂದೆ ನಾನು.

"ಅಯ್ಯೋ, ಇಟ್ಟಿದ್ವಲ್ಲ. ಆರಿಸೋ ಗಂಟ ಅದನ್ನೇ ದುರುಗುಟ್ಟಿ ನೋಡ್ತಾ ಕೂತಿದ್ರು, ಊಟಾನೇ ಮಾಡ್ಲಿಲ್ಲ."

ಜನ ಓಡಾಡಿದರೆ ತಾನೇ ಹತ್ತಿಕೊಳ್ಳುವ ಬಲ್ಬನ್ನೂ ಸಂಗಮೇಶ ಹಾಕಿ ನೋಡಿದ್ದನಂತೆ. ಬಚ್ಚಲಲ್ಲಿ ಅಲ್ಲಾಡದೆ ಕೂತಿದ್ದ ಅಪ್ಪನಿಗೆ ಅದು ಅರ್ಧಕ್ಕೇ ಕತ್ತಲೆ ಮಾಡಿತಂತೆ. ಮಂಚದ ಪಕ್ಕಕ್ಕೆ ವೈರ್ ಎಳೆದು ಸ್ವಿಚ್ ಇಡೋಣವೆಂದರೆ ಮಂಚ ಒಂದು ಕಡೆ ನಿಲ್ಲುವುದಿಲ್ಲ. ಬೆಳಿಗ್ಗೆ ಬಿಸಿಲಿಗೆ ಹಾಲ್, ಮಧ್ಯಾಹ್ನ ತಂಪಿಗೆ ಒಳಕೋಣೆ. ಮನ್ಸೂರ್ ಕೇಳಿಸಿಕೊಳ್ಳುತ್ತಾ ಅಡುಗೆಮನೆಯಲ್ಲೇ ಆ ಕಡೆಯಿಂದ ಈ ಕಡೆಗೆ ಹತ್ತು ಸಲ ನಡೆದ. ಆಮೇಲೆ ಹಾಲ್‌ಗೆ ಹೋಗಿ ಮೇಷ್ಟ್ರ ಮುಂದೆ ನಿಂತು, "ಸಾರ್, ಹದಿನೈದು ದಿನ ಟೈಮ್ ಕೊಡಿ. ಸ್ವಿಚ್ ನಿಮ್ಮ ಕೈಗೇ ತಂದು ಕೊಡ್ತೀನಿ," ಎಂದುಬಿಟ್ಟ. ಮೇಷ್ಟ್ರು ಅವನನ್ನೇ ನೋಡಿದರು. ಪರೀಕ್ಷೆಯಲ್ಲಿ ಉತ್ತರ ಗೊತ್ತಿಲ್ಲದವನು ಕೈ ಎತ್ತಿದಾಗ ಮೇಷ್ಟ್ರುಗಳು ನೋಡುವ ನೋಟ ಅದು.

ಅವತ್ತಿನಿಂದ ನನ್ನ ಕಟಿಂಗ್ ಟೇಬಲ್ ಅವನ ಪಾಲಾಯಿತು. ಬೆಂಕಿಪೊಟ್ಟಣದಷ್ಟು ದೊಡ್ಡ ಬಿಳಿ ಡಬ್ಬಿಗಳು, ಸಣ್ಣ ಸಣ್ಣ ರಿಮೋಟುಗಳು, ಇಷ್ಟುದ್ದದ ಚೀಟಿಗಳು. ಮೊದಲು ಅವನು ಆರಿಸಿದ್ದು ವೈಫೈ ಡಬ್ಬಿ. ಅದು ಸ್ವಿಚ್ ಬೋರ್ಡಿನ ಹಿಂದೆ ಕೂರುತ್ತದೆ, ಫೋನಿನಲ್ಲಿ ಬೆರಳಿಟ್ಟರೆ ಆ ಮಾತು ಮನೆಯ ರೂಟರಿಗೆ ಹೋಗಿ, ರೂಟರಿನಿಂದ ಡಬ್ಬಿಗೆ ಬಂದು, ಲೈಟ್ ಹತ್ತುತ್ತದೆ. ಊರಲ್ಲಿ ಎಲ್ಲರೂ ಹಾಕಿಸುವುದು ಅದನ್ನೇ. ಇದರ ಜೊತೆಗೆ ಸಂಗಮೇಶ, ಮಾತಾಡಿದರೆ ಕೇಳುವ ಒಂದು ಗುಂಡನೆ ಡಬ್ಬವನ್ನೂ ತರಿಸಿದ್ದ. ಮೇಷ್ಟ್ರು ಅದರ ಮುಂದೆ ಮೂರು ಸಲ ಬಾಯಿ ತೆರೆದು ಲೈಟ್ ಹಾಕು ಎಂದು ತೊದಲಿದರು. ಮೂರು ಸಲವೂ ಅದು, ಕ್ಷಮಿಸಿ ಅರ್ಥವಾಗಲಿಲ್ಲ ಎಂದಿತು. ನಾಲ್ಕನೇ ಸಲ ಅವರು ಗೋಡೆ ಕಡೆ ತಿರುಗಿಕೊಂಡರು. ಸಾವಿರ ಹುಡುಗರಿಗೆ ಪಾಠ ಹೇಳಿದ ಬಾಯಿ ಅದು, ಒಂದು ಪ್ಲಾಸ್ಟಿಕ್ ಡಬ್ಬದ ಕೈಲಿ ಈ ಮಾತು ಕೇಳಬೇಕಾಯಿತಲ್ಲ ಎಂದು ನನಗೆ ಮೈಯೆಲ್ಲ ಉರಿದುಹೋಯಿತು. ಮನ್ಸೂರ್ ಅದರ ಪಿನ್ ಕಿತ್ತು ತನ್ನ ಬ್ಯಾಗಿನ ತಳಕ್ಕೆ ತುರುಕಿದ.

ಫೋನು ಮಾತ್ರ ಕೆಲಸ ಮಾಡಿತು. ಪರದೆಯ ಮೇಲೆ ರೊಟ್ಟಿಯಷ್ಟು ದೊಡ್ಡ ಗುಂಡಿ ಬರುವ ಹಾಗೆ ಮಾಡಿಕೊಟ್ಟಿದ್ದ. ಮೇಷ್ಟ್ರು ಎಡಗೈ ಹೆಬ್ಬೆಟ್ಟು ಇಟ್ಟರು, ಓಣಿಯಲ್ಲೂ ಬಚ್ಚಲಲ್ಲೂ ಲೈಟ್ ಹತ್ತಿತು. ಸರ್ವಮಂಗಳಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಮಗೆ ಮಂಡಕ್ಕಿ ಒಗ್ಗರಣೆ ಕೊಟ್ಟರು. ಮನ್ಸೂರ್ ಎರಡು ಮುಷ್ಟಿ ಬಾಯಿಗೆ ಹಾಕಿಕೊಂಡು, ನಿಂತೇ ತಿಂದು ಹೊರಟ.

ಒಂಬತ್ತನೇ ದಿನ ಸಂಜೆ ಸಂಗಮೇಶನ ಫೋನ್ ಬಂತು. ಮೇಷ್ಟ್ರು ಓಣಿಯಲ್ಲಿ ಬಿದ್ದಿದ್ದರು.

ಆದದ್ದು ಇಷ್ಟು. ಏಪ್ರಿಲ್ ತಿಂಗಳ ಮೊದಲ ಗುಡುಗು. ಗುಡುಗಿದರೆ ಆ ಮನೆಯಲ್ಲಿ ಮೇನ್ ಇಳಿಸಿ, ಒಂದೊಂದೇ ಪ್ಲಗ್ ಆರಿಸುವುದು ಪದ್ಧತಿ. ಮಳೆ ನಿಂತ ಮೇಲೆ ಸರ್ವಮಂಗಳಮ್ಮ ಮೇನ್ ಎತ್ತಿ, ಫ್ರಿಜ್ ಹಾಕಿ, ಮಠದ ಕಡೆ ಹೋದರು. ರೂಟರಿನ ಪ್ಲಗ್ ಹಾಕಲಿಲ್ಲ. ಮನೆಯಲ್ಲಿ ಯಾರೂ ಫೋನ್ ನೋಡುತ್ತಿಲ್ಲ, ಅದೇಕೆ ಉರಿಯಬೇಕು? ಸಂಗಮೇಶ ತನ್ನ ಮೆಡಿಕಲ್ ಸ್ಟೋರಿನಲ್ಲಿದ್ದ. ಮೇಷ್ಟ್ರು ಫೋನಿನ ಗುಂಡಿಯನ್ನು ಒತ್ತಿದರು, ಒತ್ತಿದರು, ಒತ್ತಿದರು. ಆಮೇಲೆ ಎದ್ದು ಕತ್ತಲೆಗೇ ಹೊರಟರು. ಸ್ವಿಚ್ಚಿಗೆ ಕೈ ಚಾಚಲು ಕೋಲು ಬಿಟ್ಟರು. ಅರ್ಧ ಗಂಟೆ ಬಿದ್ದಲ್ಲೇ ಬಿದ್ದಿದ್ದರು, ಪಂಚೆ ಒದ್ದೆಯಾಗಿತ್ತು. ಮೂಳೆ ಮುರಿಯದಿದ್ದದ್ದು ಪುಣ್ಯ, ಮೊಣಕೈಯ ಚರ್ಮ ಮಾತ್ರ ಕಿತ್ತುಹೋಗಿತ್ತು.

ನಾವು ಹೋಗುವಷ್ಟರಲ್ಲಿ ಅವರನ್ನು ಮಂಚದ ಮೇಲೆ ಮಲಗಿಸಿದ್ದರು. ಮನ್ಸೂರ್ ರೂಟರ್ ನೋಡಿದವನೇ ಕಿರುಚಿದ. "ಯಾರಮ್ಮ ಇದನ್ನ ಆಫ್ ಮಾಡಿದ್ದು? ಉರೀತಾನೆ ಇರ್ಬೇಕು ಅಂತ ಹೇಳಿರ್ಲಿಲ್ವಾ ನಾನು?"

"ನಾನೇ ಕಣಪ್ಪ," ಅಂದರು ಸರ್ವಮಂಗಳಮ್ಮ. "ಮದ್ವೆಯಾಗಿ ಬಂದಾಗಿಂದ ಇವ್ರೇ ಹೇಳ್ಕೊಟ್ಟಿದ್ದು. ಕೈ ತಾನಾಗೇ ಹೋಯ್ತದೆ."

ಮನ್ಸೂರ್ ಮಂಚದ ಕಡೆ ನೋಡಲಿಲ್ಲ. ದಾರಿಯುದ್ದಕ್ಕೂ ಬೈಕ್ ಓಡಿಸುತ್ತಾ ಆ ತಾಯಿಯನ್ನು ಬೈದ, ಸಂಗಮೇಶನನ್ನು ಬೈದ. ಅಂಗಡಿಗೆ ಬಂದ ಮೇಲೂ ಬಾಯಿ ನಿಲ್ಲಲಿಲ್ಲ. ಬೈಯುತ್ತಲೇ ಬಾಗಿಲು ಹಾಕುವ ಕೆಲಸ ಶುರು ಮಾಡಿದ. ಗ್ರೈಂಡಿಂಗ್ ಮಿಷನ್ ಪ್ಲಗ್ ಆರಿಸಿದ, ಫ್ಯಾನ್ ಆರಿಸಿದ, ಬಗ್ಗಿ ಮೇಜಿನ ಕೆಳಗಿದ್ದ ಇನ್ನೊಂದು ಸ್ವಿಚ್ಚಿನ ಮೇಲೆ ಬೆರಳಿಟ್ಟ.

"ಏನ್ಲಾ ಅದು?" ಅಂದೆ.

"ಯಾವ್ದು?"

"ಈಗ ಆರಿಸ್ತಾ ಇದೀಯಲ್ಲ, ಅದು."

ಅದು ಅವನ ಅಂಗಡಿಯ ರೂಟರ್. ಅವನು ಬಗ್ಗಿದವನು ಬಗ್ಗಿದ ಹಾಗೇ ಇದ್ದ. ಇಪ್ಪತ್ತೆರಡು ವರ್ಷದಲ್ಲಿ ಅವನು ಅಷ್ಟು ಹೊತ್ತು ಅಲ್ಲಾಡದೆ ಇದ್ದದ್ದು ಅದೇ ಮೊದಲು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಇದು ಹುಟ್ಟುಗುಣವೂ ಅಲ್ಲ, ಸ್ಕೇಲಿನ ಏಟಿನಿಂದ ಕಲಿತ ಗುಣ, ಇನ್ನೂ ಗಟ್ಟಿ.

"ನಂದೇ ತಪ್ಪು ಕಾಳಯ್ಯಣ್ಣ," ಅಂದ ಕೊನೆಗೆ. "ಸಾರ್ ಮನೇಲಿ ರೂಟರ್ ನಂಬ್ಕೊಂಡು ಕೆಲಸ ಮಾಡಿದ್ನಲ್ಲ. ನಾನು ಎಂಥ ಕತ್ತೆ."

ಆದರೂ ಒಂದು ಪ್ರಯತ್ನ ಮಾಡಿದ. ರೂಟರಿನ ಸ್ವಿಚ್ ಮೇಲೆ ಕೆಂಪು ಟೇಪ್ ಸುತ್ತಿ, ಮುಟ್ಟಬೇಡಿ ಎಂದು ಬರೆದು ಬಂದ. ಮೂರು ದಿನ ಯಾರೂ ಮುಟ್ಟಲಿಲ್ಲ. ನಾಲ್ಕನೇ ದಿನ ಅದು ಆರಿತ್ತು. ಸರ್ವಮಂಗಳಮ್ಮ ಗುರು ಬಸವಣ್ಣನ ಮೇಲೆ ಆಣೆ ಮಾಡಿದರು, ತಾನಲ್ಲವೆಂದು. ಸಂಗಮೇಶನೂ ಅಲ್ಲ. ಮಂಚದ ಮೇಲೆ ಕೂತೇ, ಕೋಲಿನ ತುದಿಯಿಂದ ನೆಲದ ಹತ್ತಿರವಿದ್ದ ಆ ಸ್ವಿಚ್ಚನ್ನು ತಟ್ಟಿ ಆರಿಸಿದ್ದವರು ಮೇಷ್ಟ್ರೇ. ರಾತ್ರಿಯೆಲ್ಲ ಅದರ ಹಸಿರು ದೀಪ ಕಣ್ಣಿಗೆ ಚುಚ್ಚಿತೇನೋ. ಬೀಳುವುದು ಬೇಕಾದರೆ ಬೀಳುತ್ತೇನೆ, ಯಾರೂ ಇಲ್ಲದ ಕಡೆ ಉರಿಯಲು ಬಿಡುವುದಿಲ್ಲ! ಅವರ ಮೊಂಡುತನಕ್ಕೆ ನನಗೆ ನಗು ಬಂತು, ಒಣಗಿದ ತುಟಿ ನೆನಪಾಗಿ ನಗು ನಿಂತುಹೋಯಿತು. ಬಿದ್ದ ದಿನದಿಂದ ಅವರು ಬೆಳಗಿನ ನೀರನ್ನೂ ಕಮ್ಮಿ ಮಾಡಿದ್ದರು.

ಮನ್ಸೂರನ ನಿದ್ದೆ ಕೆಟ್ಟಿತು. ಬೆಳ್ಳಾವಿಯಲ್ಲಿ ಒಬ್ಬರ ಮೋಟಾರ್ ರಿಪೇರಿಗೆ ಹೋದವನು ಸ್ಪ್ಯಾನರ್ ಮರೆತು ಬಂದ. ತರಲು ಹೋಗಿ ಟೆಸ್ಟರ್ ಮರೆತು ಬಂದ. ಹೆಂಡತಿ ತಂದ ಡಬ್ಬಿ ಬಿಚ್ಚದೆ ಸಂಜೆಗೆ ವಾಪಸ್ ಹೋಯಿತು. "ರಾತ್ರಿ ಎದ್ದು ಮನೇಲಿ ಸ್ವಿಚ್ ಹಾಕೋದು ಆರ್ಸೋದು ಮಾಡ್ತವ್ರೆ ಕಾಳಯ್ಯಣ್ಣ," ಎಂದು ಫಾತಿಮುನ್ನೀಸಾ ಗೋಳಾಡಿದಳು. ಹದಿನೈದು ದಿನ ಎಂದಿದ್ದು ತಿಂಗಳು ದಾಟಿತ್ತು.

ಒಂದು ಭಾನುವಾರ ನನ್ನನ್ನು ಎಳೆದುಕೊಂಡು ಕುಣಿಗಲ್‌ಗೆ ಹೊರಟ. ಅಲ್ಲಿ ದಯಾನಂದ ಇದ್ದ, ಇವನ ಬ್ಯಾಚಿನವನು, ಅದೇ ಮೇಷ್ಟ್ರ ಶಿಷ್ಯ. ಹೊಸ ಮನೆಗಳಿಗೆ ಇಂಥ ರಿಮೋಟ್ ಕೆಲಸವನ್ನೇ ಮಾಡುತ್ತಿದ್ದ. ಒಂದು ದೊಡ್ಡ ಮನೆಗೆ ಕರೆದುಕೊಂಡು ಹೋಗಿ, ಜಿಗ್‌ಬೀ ಎಂಬ ಜಾತಿಯ ಸ್ವಿಚ್ಚುಗಳನ್ನು ತೋರಿಸಿದ. ಇಂಟರ್ನೆಟ್ ಬೇಡ, ಫೋನ್ ಬೇಡ, ಗೋಡೆಗೆ ಅಂಟಿಸಿದ ಗುಂಡಿ ಸಾಕು. ಮನ್ಸೂರನ ಮುಖ ಅರಳಿತು.

"ಇದೆಲ್ಲಾನೂ ನೋಡ್ಕೊಳ್ಳೋದು ಯಾವ್ದು?"

ದಯಾನಂದ ಮೂಲೆಯಲ್ಲಿದ್ದ ಒಂದು ಡಬ್ಬ ತೋರಿಸಿದ. ಎಲ್ಲ ಗುಂಡಿಗಳ ಮಾತೂ ಮೊದಲು ಅದಕ್ಕೆ ಹೋಗಬೇಕು. ಅದು ಹಗಲೂ ರಾತ್ರಿ ಉರಿಯುತ್ತಲೇ ಇರಬೇಕು.

"ಇನ್ನೊಂದು ಉರಿಯೋ ಡಬ್ಬ," ಅಂದ ಮನ್ಸೂರ್. ಅರಳಿದ ಮುಖ ಬಾಡಿತು. "ನಿಮ್ಮನೇಲಿ ಇದನ್ನ ಹಾಕಿದೀಯ?"

ದಯಾನಂದ ತಲೆ ಕೆರೆದುಕೊಂಡ. "ಎಲ್ಲಾಯ್ತದೆ? ನಮ್ಮವ್ಳು ಮಲಗೋ ಮುಂಚೆ ಎಲ್ಲಾ ಆರ್ಸ್ತಾಳೆ. ನಾನೇ ಕಲ್ಸಿದ್ದು."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ನನಗೆ ಹೊಳೆದದ್ದು ಅಲ್ಲೇ. ಇವರು ಇಷ್ಟು ದಿನ ಮನೆಯನ್ನು ಡಬ್ಬಕ್ಕೆ ಒಗ್ಗಿಸಲು ಹೊರಟಿದ್ದರು. ಮೈಗೆ ತಕ್ಕ ಹಾಗೆ ಬಟ್ಟೆ ಕತ್ತರಿಸಬೇಕೇ ಹೊರತು ಬಟ್ಟೆಗೆ ತಕ್ಕ ಹಾಗೆ ಮೈಯನ್ನಲ್ಲ. ಅದನ್ನೇ ಹೇಳಿದೆ. "ಆ ಮನೇಲಿ ಎಲ್ಲಾರೂ ಎಲ್ಲಾನೂ ಆರಿಸ್ತಾರೆ. ಆರಿಸಿದ್ರೂ ಕೆಡದೇ ಇರೋದು ಏನಾದ್ರೂ ಐತಾ ನೋಡ್ರಪ್ಪ."

ದಯಾನಂದ ಹೋಗಿ ತನ್ನ ವ್ಯಾನಿನ ಹಿಂದಿನಿಂದ ಧೂಳು ಹಿಡಿದ ಒಂದು ರಟ್ಟಿನ ಪೆಟ್ಟಿಗೆ ತಂದ. ಒಬ್ಬ ಗಿರಾಕಿ ಬೇಡವೆಂದು ವಾಪಸ್ ಕೊಟ್ಟದ್ದು. ಅಂಗೈ ಅಗಲದ ಬಿಳಿ ಗುಂಡಿಗಳು. ಒಳಗೆ ಬ್ಯಾಟರಿಯಿಲ್ಲ, ಹಿಂದೆ ವೈರ್ ಇಲ್ಲ. ಒತ್ತಿದಾಗ ಒಳಗಿನ ಆಯಸ್ಕಾಂತ ತಂತಿಯ ಕಾಯಿಲಿನ ಪಕ್ಕ ಸರಿದು, ಆ ಒತ್ತಿದ ಬಲದಿಂದಲೇ ಚೂರು ಕರೆಂಟ್ ಹುಟ್ಟಿ, ಅದರಿಂದಲೇ ಲೈಟಿನ ಹತ್ತಿರವಿರುವ ಸಣ್ಣ ರಿಸೀವರಿಗೆ ಸುದ್ದಿ ಹೋಗುತ್ತದಂತೆ. ನಡುವೆ ರೂಟರೂ ಇಲ್ಲ, ಡಬ್ಬವೂ ಇಲ್ಲ.

"ಮತ್ತ್ಯಾಕೆ ವಾಪಸ್ ಕೊಟ್ಟ?"

"ಟಕ್ ಅಂತ ಜೋರಾಗಿ ಸದ್ದು ಬತ್ತದೆ ಅಂತ."

ಮನ್ಸೂರ್ ಒಂದನ್ನು ಕಿವಿಯ ಹತ್ತಿರ ಹಿಡಿದು ಒತ್ತಿದ. ಟಕ್. ವಾಪಸ್ ತುಮಕೂರಿಗೆ ಬರುವವರೆಗೂ, ಪ್ರತಿ ಸಿಗ್ನಲ್‌ನಲ್ಲಿ ಟಕ್ ಟಕ್ ಎನ್ನಿಸುತ್ತಲೇ ಇದ್ದ. ಆಮೇಲೆ ಒಂದು ವಾರ ನನಗೆ ಉಳಿಗಾಲವಿಲ್ಲ. ಗುಂಡಿಯನ್ನು ನನ್ನ ಮಿಷನ್ನಿಗೆ ಅಂಟಿಸಿದ, ರಿಸೀವರನ್ನು ಗೋಡೆಯಾಚೆ ತನ್ನ ಅಂಗಡಿಯಲ್ಲಿಟ್ಟ. ನಾನು ಎಡಗೈಯಲ್ಲಿ ಒತ್ತಬೇಕು, ಅಂಗೈಯಲ್ಲಿ ಒತ್ತಬೇಕು, ಮೊಣಕೈಯಲ್ಲಿ ಒತ್ತಬೇಕು. ಅವನು ಅಲ್ಲಿಂದ "ಹತ್ತಿತು! ಆರಿತು!" ಎಂದು ಕೂಗಬೇಕು. ನಡುನಡುವೆ ಮೇನ್ ಇಳಿಸಿ ಎತ್ತುವನು. ಕರೆಂಟ್ ಬಂದ ಕೂಡಲೇ ಒತ್ತಿದರೆ ಹತ್ತಲೇಬೇಕು. ಗೋಡೆಯ ಮಾಮೂಲಿ ಸ್ವಿಚ್ ಆರಿಸಿದರೆ ರಿಸೀವರೂ ಸತ್ತುಹೋಗುತ್ತದೆ ಎಂದು ಮೂರನೇ ದಿನ ತಿಳಿಯಿತು. ಸರ್ವಮಂಗಳಮ್ಮನ ಕೈ ಅದರ ಮೇಲೆ ಹೋಗದೆ ಇರುತ್ತದೆಯೇ? ಹಳೆ ಸ್ವಿಚ್ಚನ್ನು ತೆಗೆದು, ಅದೇ ಜಾಗಕ್ಕೆ ಇನ್ನೊಂದು ಗುಂಡಿ ಅಂಟಿಸುವುದೆಂದು ತೀರ್ಮಾನಿಸಿದ. ಅಮ್ಮ ಎಷ್ಟು ಸಲ ಬೇಕಾದರೂ ಆರಿಸಿಕೊಳ್ಳಲಿ, ಮೇಷ್ಟ್ರು ಮತ್ತೆ ಹಾಕಿಕೊಳ್ಳಬಹುದು.

ಗುಬ್ಬಿಗೆ ಹೋದಾಗ ಮಧ್ಯಾಹ್ನ ಮೂರು ಗಂಟೆ. ಮನ್ಸೂರ್ ಚಪ್ಪಲಿ ಬಿಟ್ಟವನೇ ಓಣಿಗೆ ನುಗ್ಗಿ ಬೋರ್ಡಿನ ಸ್ಕ್ರೂ ಬಿಚ್ಚಲು ಶುರು ಮಾಡಿದ. ಒಳಕೋಣೆಯ ಮಂಚದಿಂದ ಒಂದು ದನಿ ಬಂತು. ಸೊಟ್ಟ ಬಾಯಿಂದ ಕಷ್ಟಪಟ್ಟು ಹೊರಟ ದನಿ.

"ಮೇ... ನ್."

ಮನ್ಸೂರನ ಕೈ ತಟ್ಟನೆ ಹಿಂದೆ ಬಂತು. ಬೆರಳಿನ ಗಂಟನ್ನು ಉಜ್ಜಿಕೊಂಡು, ಹೋಗಿ ಮೇನ್ ಇಳಿಸಿದ.

ಎರಡು ಗಂಟೆಯಲ್ಲಿ ಕೆಲಸ ಮುಗಿಯಿತು. ಓಣಿಯಲ್ಲಿ ಹಳೆ ಸ್ವಿಚ್ಚಿನ ಜಾಗಕ್ಕೆ ಒಂದು ಗುಂಡಿ, ಮಂಚದ ಎಡಗಡೆ ಪಟ್ಟಿಗೆ ಇನ್ನೊಂದು ಅಂಟಿಸಿದ. ಮಂಚ ಎಲ್ಲಿಗೆ ಹೋದರೂ ಗುಂಡಿ ಜೊತೆಗೇ ಹೋಗುತ್ತದೆ. ಪೆಟ್ಟಿಗೆಯಲ್ಲಿ ಉಳಿದಿದ್ದ ಒಂದು ಗುಂಡಿಯನ್ನು ಮೇಷ್ಟ್ರ ಕೈಗೆ ಕೊಟ್ಟು ಎದುರಿಗೆ ನಿಂತ. "ಬ್ಯಾಟ್ರಿ ಇಲ್ಲ ಸಾರ್. ಕರೆಂಟ್ ಎಲ್ಲಿಂದ ಬರುತ್ತೆ ಹೇಳಿ?" ಎಂದ. ಎಂಥ ಪ್ರಶ್ನೆ, ಯಾರಿಗೆ! ಮೇಷ್ಟ್ರು ಗುಂಡಿಯನ್ನು ತಿರುಗಿಸಿ ನೋಡಿದರು, ಎಡಗೈಯಲ್ಲಿ ತೂಗಿ ನೋಡಿದರು, ಕಿವಿಗೆ ಹಿಡಿದು ನಿಧಾನವಾಗಿ ಒತ್ತಿದರು. ಟಕ್. ತುಟಿಯ ಒಂದು ಮೂಲೆ ಮೇಲೆದ್ದಿತು.

"ಮ್ಯಾಗ್... ನೆಟ್ಟು. ಕಾ... ಯಿಲು."

ಆ ಮಾತು ನನಗೂ ಅರ್ಥವಾಯಿತು, ಮನ್ಸೂರನಿಗೂ ಅರ್ಥವಾಯಿತು.

ಮೇನ್ ಎತ್ತಿದ ಮೇಲೆ ಮೇಷ್ಟ್ರು ಮಂಚದ ಗುಂಡಿ ಒತ್ತಿದರು. ಓಣಿಯಲ್ಲೂ ಬಚ್ಚಲಲ್ಲೂ ಲೈಟ್ ಹತ್ತಿತು. ಸರ್ವಮಂಗಳಮ್ಮ ಅಡುಗೆಮನೆಯಿಂದ ಬಂದವರು, "ಇನ್ನೂ ಬೆಳಕೈತಲ್ಲ, ಯಾಕೆ ಸುಮ್ನೆ," ಎನ್ನುತ್ತಾ ಓಣಿಯ ಗುಂಡಿ ತಟ್ಟಿ ಆರಿಸಿದರು. ಟಕ್, ಮೇಷ್ಟ್ರು ಹಾಕಿದರು. ಅಮ್ಮ ಬೆಚ್ಚಿ ಹಿಂತಿರುಗಿ, ಮತ್ತೆ ಆರಿಸಿದರು. ಟಕ್, ಮೇಷ್ಟ್ರು ಮತ್ತೆ ಹಾಕಿದರು. ಆಗ ಅಮ್ಮನಿಗೆ ತಿಳಿಯಿತು, ಹಾಕುತ್ತಿರುವುದು ಮೇಷ್ಟ್ರೇ ಎಂದು. ಗೋಡೆಗೆ ಕೈಯೂರಿ ನಿಂತುಬಿಟ್ಟರು.

ಮೇಷ್ಟ್ರು ಎಡಗೈ ಹೆಬ್ಬೆರಳನ್ನು ಬಾಯಿಯ ಕಡೆಗೆ ತಿರುಗಿಸಿ ತೋರಿಸಿದರು. ನೀರು. ಅಮ್ಮ ಅರ್ಧ ಲೋಟ ತಂದರು, ದಿನಾ ಕೊಡುವಷ್ಟೇ. ಅವರು ತಲೆ ಆಡಿಸಿ, ಬಾಗಿಲ ಬಳಿಯಿದ್ದ ಚೊಂಬು ತೋರಿಸಿದರು. ತುಂಬಿದ ಚೊಂಬನ್ನು ಮನ್ಸೂರ್ ಹಿಡಿದುಕೊಂಡ, ಮೇಷ್ಟ್ರು ಕುಡಿದರು. ಬಾಯಿಯ ಬಲಗಡೆಯಿಂದ ಜುಬ್ಬದ ಮೇಲೆ ಸುರಿಯುತ್ತಿತ್ತು, ನಿಲ್ಲಿಸಲಿಲ್ಲ. ಖಾಲಿ ಮಾಡಿ, ಇನ್ನೊಂದು ಅಂದರು.

ನಾವು ಟೀ ಕುಡಿದು ಹೋಗೋಣವೆಂದು ಹಾಲ್‌ಗೆ ಬಂದೆವು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಟಕ್ ಎಂದಿತು. ಓಣಿ ಬೆಳಗಿತು. ಕೋಲಿನ ಸದ್ದು, ಎಳೆಯುವ ಕಾಲಿನ ಸದ್ದು. ಸರ್ವಮಂಗಳಮ್ಮ ಅಭ್ಯಾಸಬಲದಿಂದ ಧಡಕ್ಕನೆ ಎದ್ದರು. "ಕೂತ್ಕೊಳ್ಳಿ ಅಮ್ಮ," ಅಂದ ಮನ್ಸೂರ್. ಹೇಳಿ ತಾನೂ ಅವರ ಪಕ್ಕ ನೆಲದ ಮೇಲೆ ಕೂತ. ಟೀ ಲೋಟ ಕೈಯಲ್ಲೇ ಇತ್ತು, ಅಲ್ಲಾಡಲಿಲ್ಲ. ಬಚ್ಚಲ ಬಾಗಿಲು ತೆರೆಯಿತು, ಮುಚ್ಚಿತು. ಬಹಳ ಹೊತ್ತಾಯಿತು. ಮತ್ತೆ ಬಾಗಿಲು, ಕೋಲು, ಎಳೆಯುವ ಕಾಲು, ಮಂಚ ಕಿರುಗುಟ್ಟಿದ ಸದ್ದು. ಯಾರನ್ನೂ ಕರೆಯಲಿಲ್ಲ.

ಆಮೇಲೆ ಟಕ್ ಎಂದಿತು, ಓಣಿ ಕತ್ತಲಾಯಿತು. ಯಾರೂ ಇಲ್ಲದ ಕಡೆ ಉರಿಯಬಾರದಲ್ಲ, ಮೇಷ್ಟ್ರು ಆರಿಸಿದ್ದರು.